ಕಾವಿಗೆ ಕೂರಿಸಿದ ವೆನಿಲಾ

ಹೆರ್ಮಿಲೊ ಸಾಂತೆಸ್ ಎಂಬ ಹೆಸರು ಬಾಸಿಲಿಸಾಳ ಕಿವಿಗೆ ಮೊದಲು ಬಿದ್ದದ್ದು ತೆಕೊಲೂತ್ಲಾ ಹೊಳೆಯ ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ. ಮದುವೆಯಾಗಿ ಆ ಊರಿಗೆ ಬಂದು ಅವಳಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಅತ್ತೆ ಪೆತ್ರೋನಿಲಾಳ ಪಕ್ಕದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಗಂಡನ ಅಂಗಿ ಕುಕ್ಕುತ್ತಿದ್ದಳು. ಮೇಲಿನ ಕಲ್ಲಿನಲ್ಲಿ ಯಾರೋ ಬಟ್ಟೆ ಜಾಲಿಸಿದರು. ಅಲ್ಲಿಂದ ಇಳಿದು ಬಂದ ಸೋಪಿನ ನೊರೆಯ ಜೊತೆಗೆ ಒಂದು ಪರಿಮಳ ಬಂತು. ಹೂವಿನದಲ್ಲ, ಹಣ್ಣಿನದಲ್ಲ. ಬೆಲ್ಲ ಕಾಯಿಸುವ ಮನೆಯ ಬಾಗಿಲು ತೆರೆದ ಹಾಗೆ, ಅದರ ಹಿಂದೆಯೇ ಅಜ್ಜಿಯ ಮರದ ಪೆಟ್ಟಿಗೆ ತೆರೆದ ಹಾಗೆ.

"ಇದೇನತ್ತೆ, ಹೊಳೆಗೆ ಯಾರಾದ್ರೂ ಅತ್ತರು ಸುರಿದ್ರಾ?"

ಕಲ್ಲುಗಳ ಮೇಲಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

"ಅದು ಹೆರ್ಮಿಲೊ ಅಂಗಿ ಕಣೆ," ಎಂದಳು ಪೆತ್ರೋನಿಲಾ. "ಎಷ್ಟು ಕುಕ್ಕಿದ್ರೂ ಹೋಗಲ್ಲ. ಸುಮ್ನೆ ಯಾಕೆ ಸೋಪು ಖರ್ಚು ಮಾಡ್ತಾನೋ. ವೆನಿಲಾ ಕೊಲ್ಲೋನು ಅವನು. ಅಂಗಳದಲ್ಲಿ ಕೋಡು ಹರಡೋಕೆ ಹೆಂಗಸರು ಬೇಕು ಅಂತ ಹೇಳಿ ಕಳಿಸಿದಾನೆ. ನಾಳೆಯಿಂದ ನೀನೂ ಬಾ. ಮೈಗೆ ಸೋಪು ಹಾಕ್ಕೊಂಡು ಮಾತ್ರ ಬರಬೇಡ, ಬಾಗಿಲಿಂದಲೇ ಓಡಿಸ್ತಾನೆ."

ಮರುದಿನ ಬಾಸಿಲಿಸಾ ಹೋದಾಗ ಆತ ಅಂಗಳದ ನಡುವೆ ಒಂದು ಮಣೆಯ ಮೇಲೆ ಕೂತಿದ್ದ. ಎತ್ತರದ, ಬೆನ್ನು ಸ್ವಲ್ಪ ಬಾಗಿದ ಆಳು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಎರಡು ಅಂಗೈಗಳೂ ಸುಟ್ಟು ಸುಟ್ಟು ಚರ್ಮ ನಯವಾಗಿ, ಗೆರೆಗಳೇ ಅಳಿಸಿಹೋಗಿದ್ದವು. ಕೈ ನೋಡಿ ಭವಿಷ್ಯ ಹೇಳುವವಳೊಬ್ಬಳು ಪಪಾಂತ್ಲಾದ ಸಂತೆಯಲ್ಲಿ ಅವನ ಕೈ ಹಿಡಿದು, "ನಿನಗೆ ಹೇಳೋಕೆ ಏನೂ ಉಳಿದಿಲ್ಲಪ್ಪ" ಎಂದು ಬಿಟ್ಟಿದ್ದಳಂತೆ. ಅದನ್ನು ಅವನೇ ಹೇಳಿಕೊಂಡು ನಗುತ್ತಿದ್ದ.

ಹೊಸಬಳ ಕೈಗೆ ಆತ ಒಂದು ಹಸಿರು ಕೋಡು ಕೊಟ್ಟ.

"ಮೂಸು."

ಬಾಸಿಲಿಸಾ ಮೂಸಿದಳು. ಹುರುಳಿಕಾಯಿ ಮುರಿದರೆ ಬರುವಷ್ಟು ವಾಸನೆಯೂ ಇರಲಿಲ್ಲ. "ಏನೂ ಇಲ್ಲ, ದೋನ್ ಹೆರ್ಮಿಲೊ," ಎಂದಳು, ಊರಿನವರು ಹಿರಿಯರನ್ನು ಮರ್ಯಾದೆಯಿಂದ ಕರೆಯುವ ಹಾಗೆ.

"ಇದೆ. ಮಲಗಿದೆ. ಎಬ್ಬಿಸೋದೇ ನಮ್ಮ ಕೆಲಸ."

ಎಬ್ಬಿಸಬೇಕಾದರೆ ಮೊದಲು ಕೊಲ್ಲಬೇಕು. ಬಳ್ಳಿಯಿಂದ ಕಿತ್ತ ಕೋಡಿಗೆ ತಾನು ಕಿತ್ತುಹೋದದ್ದು ತಿಳಿಯುವುದಿಲ್ಲ. ಬಿಟ್ಟರೆ ಅದು ಹಣ್ಣಾಗುತ್ತ ಹೋಗಿ ತುದಿಯಿಂದ ಸೀಳಿ ಬಾಯಿ ಬಿಡುತ್ತದೆ. ಅದಕ್ಕೇ, ಕಾಸಿದ ಇಟ್ಟಿಗೆಯ ಒಲೆಗೂಡಿನಲ್ಲಿ, ಒದ್ದೆ ಕಂಬಳಿ ಸುತ್ತಿ, ಅದರ ಜೀವ ಹೋಗುವಷ್ಟು ಬಿಸಿ ತೋರಿಸಬೇಕು. ಕೋಡು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾದರೆ ಸತ್ತಿತು ಎಂದು ಲೆಕ್ಕ. ಆಮೇಲೆ ಮಧ್ಯಾಹ್ನದ ಬಿಸಿಲಿಗೆ ಚಾಪೆಯ ಮೇಲೆ ಒಂದೊಂದಾಗಿ ಹರಡಬೇಕು. ಕೈಗೆ ಸುಡುವಷ್ಟು ಕಾದಾಗ ಬಾಚಿ ಕಂಬಳಿಯಲ್ಲಿ ಸುತ್ತಿ ಮರದ ಪೆಟ್ಟಿಗೆಗೆ ಹಾಕಿ ಬೆವರಿಸಬೇಕು. ನಾಳೆ ಮತ್ತೆ ಬಿಸಿಲು, ಮತ್ತೆ ಬೆವರು. ಹೀಗೆ ವಾರಗಳು ಕಳೆಯುವಾಗ ಒಂದು ದಿನ ಪೆಟ್ಟಿಗೆಯ ಮುಚ್ಚಳ ತೆಗೆದವರು ಹಾಗೇ ನಿಂತುಬಿಡುತ್ತಾರೆ.

ಬಿಸಿ ಎಷ್ಟು ಎನ್ನುವುದೇ ಎಲ್ಲ. ಅದಕ್ಕೆ ಹೆರ್ಮಿಲೊ ತನ್ನ ಅಪ್ಪನಿಂದ ಕಲಿತ ಒಂದು ಉಪಾಯವಿತ್ತು. ಸೂರಿನ ಕೆಳಗೆ ಮುಸುಕಿನ ಜೋಳದ ಒಣ ಮುಸುಕುಗಳನ್ನು ಗೊಂಚಲು ಕಟ್ಟಿ ತೂಗುಹಾಕಿದ್ದ. ಒಲೆಗೂಡು ಕಾದ ಮೇಲೆ ಒಂದು ಮುಸುಕು ಎಳೆದು, ನೀರಿಗೊಮ್ಮೆ ಅದ್ದಿ, ಒಳಗೆ ಇಟ್ಟು ಒಂದು 'ಪರಲೋಕ ತಂದೆ' ಪ್ರಾರ್ಥನೆ ಹೇಳುತ್ತಿದ್ದ. ಪ್ರಾರ್ಥನೆ ಮುಗಿಯುವುದರೊಳಗೆ ಮುಸುಕು ಸುರುಳಿ ಸುತ್ತಿದರೆ ಗೂಡು ಅತಿಯಾಗಿ ಕಾದಿದೆ. ಮುಗಿದರೂ ಸುತ್ತದಿದ್ದರೆ ಇನ್ನೂ ಸೌದೆ ಬೇಕು. 'ಆಮೆನ್' ಎನ್ನುವಾಗ ಅಂಚು ಮಡಚತೊಡಗಿದರೆ ಕೋಡುಗಳನ್ನು ಒಳಗಿಡಬಹುದು. ಸುತ್ತಮುತ್ತಲ ಹಳ್ಳಿಗಳವರೆಲ್ಲ ತಮ್ಮ ಕೋಡುಗಳನ್ನು ಅವನ ಅಂಗಳಕ್ಕೇ ತರುತ್ತಿದ್ದದ್ದು ಆ ಮುಸುಕಿನ ಮೇಲಿನ ನಂಬಿಕೆಯಿಂದ.

ಹಾಗೆ ತರುವವರಲ್ಲಿ ಮೊದಲಿಗ ಗೌದೆನ್ಸಿಯೊ. ಅವನ ಹಿರಿಮಗನನ್ನು ಜ್ಞಾನಸ್ನಾನದ ದಿನ ಕೈಯಲ್ಲಿ ಎತ್ತಿ ಹಿಡಿದವನು ಹೆರ್ಮಿಲೊ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ. ಆ ಕಡೆ ಅದು ಒಡಹುಟ್ಟಿದವರಿಗಿಂತ ಹತ್ತಿರದ ನಂಟು. ಅಣ್ಣತಮ್ಮಂದಿರು ಜಮೀನಿಗಾಗಿ ಹೊಡೆದಾಡಬಹುದು, ಕೊಂಪಾದ್ರೆಗಳು ಹೊಡೆದಾಡುವುದಿಲ್ಲ. ಗೌದೆನ್ಸಿಯೊ ಗಿಡ್ಡ, ಗಟ್ಟಿ ದನಿ, ಬಂದನೆಂದರೆ ಅಂಗಳದ ಹೆಂಗಸರಿಗೆಲ್ಲ ಒಂದೊಂದು ಚುಚ್ಚು ಮಾತು.

"ಕೊಂಪಾದ್ರೆ, ನಿನ್ನ ಅಂಗಳದಲ್ಲಿ ಕೋಡಿಗಿಂತ ಮಾತು ಜಾಸ್ತಿ ಒಣಗ್ತಿದೆಯಲ್ಲೋ!"

"ನೀನು ಬಂದ್ಯಲ್ಲ, ಅದಕ್ಕೆ," ಎನ್ನುತ್ತಿದ್ದ ಹೆರ್ಮಿಲೊ, ತಲೆ ಎತ್ತದೆ.

ಆ ಸೀಮೆಯಲ್ಲಿ ಬಳ್ಳಿಯಲ್ಲಿರುವಾಗಲೇ ಪ್ರತಿ ಕೋಡಿಗೂ ಗುರುತು ಚುಚ್ಚುತ್ತಾರೆ. ಬಿರಟೆಗೆ ಸೂಜಿ ನೆಟ್ಟು ಎಳೆಯ ಕೋಡಿಗೆ ಒತ್ತಿದರೆ, ಬೆಳೆದಂತೆ ಆ ಕಲೆಯೂ ಬೆಳೆಯುತ್ತದೆ, ಕದ್ದವನು ಸಿಕ್ಕಿಬೀಳುತ್ತಾನೆ. ಗೌದೆನ್ಸಿಯೊನ ಗುರುತು ಮೂರು ಚುಕ್ಕಿ, ಒಂದು ಗೀಟು. ಆದರೂ ಕಳ್ಳತನ ನಿಲ್ಲುತ್ತಿರಲಿಲ್ಲ. ಸುಗ್ಗಿ ಹತ್ತಿರ ಬಂದಾಗ ಬೆಳೆಗಾರರೆಲ್ಲ ಸರದಿ ಮೇಲೆ ಬಳ್ಳಿ ಕಾಯುತ್ತಿದ್ದರು. ಕೆಲವರು ಕಳ್ಳರಿಗೆ ಹೆದರಿ, ಊರು ಗೊತ್ತು ಮಾಡಿದ ದಿನಕ್ಕಿಂತ ಮೊದಲೇ ಬಲಿಯದ ಕೋಡು ಕಿತ್ತುಬಿಡುತ್ತಿದ್ದರು. ಬಲಿಯದ್ದರಲ್ಲಿ ಪರಿಮಳ ಬರುವುದಿಲ್ಲ. ಅಂಥದ್ದೊಂದು ಗಂಟು ಪೇಟೆಗೆ ಹೋದರೆ ಇಡೀ ಊರಿನ ಮಾಲಿಗೆ ಕೆಟ್ಟ ಹೆಸರು. ಹಾಗಾಗಿ 'ಹಸಿ ಕೀಳುವವನು' ಅನ್ನುವುದು ಅಲ್ಲಿ ಬೈಗುಳ, ಕಳ್ಳ ಎನ್ನುವುದರ ಪಕ್ಕದ ಬೈಗುಳ.

ಎಲೋದಿಯಾ ಟೀಚರ್ ಬಂದದ್ದು ಬಾಸಿಲಿಸಾ ಅಂಗಳಕ್ಕೆ ಸೇರಿದ ಕೆಲವು ವರ್ಷಗಳ ಮೇಲೆ. ಊರಿನ ಶಾಲೆಗೆ ಹೊಸದಾಗಿ ಬಂದವಳು, ಹೆರ್ಮಿಲೊನ ಮನೆಯ ಪಕ್ಕದ ಕೋಣೆಯಲ್ಲಿ ಇಳಿದುಕೊಂಡಳು. ತೆಳ್ಳಗಿನ ಹುಡುಗಿ, ಬಾಯಿ ತುಂಬ ಮಾತು. ಶಾಲೆ ಬಿಟ್ಟ ಮೇಲೆ ಹೆಂಗಸರ ಜೊತೆ ಕೂತು ಕೋಡು ತಿರುವಿ ಹಾಕುತ್ತ, ಅಂದು ಮಕ್ಕಳಿಗೆ ಹೇಳಿದ್ದನ್ನೇ ಇವರಿಗೂ ಹೇಳುತ್ತಿದ್ದಳು.

ಒಂದು ದಿನ ಬುತ್ತಿ ಬಿಚ್ಚಿದಾಗ ಹೇಳಿದಳು: "ಬಾಸಿಲಿಸಾ ಅಕ್ಕ, ಒಂದು ತುತ್ತು ತೋರ್ತಿಯಾ ಬಾಯಿಗೆ ಹಾಕ್ಕೊಳ್ಳಿ. ಅಗೀರಿ. ನುಂಗಬೇಡಿ."

ಬಾಸಿಲಿಸಾ ಅಗಿದಳು. ಮಿಕ್ಕವರು ನಗು ತಡೆದುಕೊಂಡು ನೋಡಿದರು.

"ಇನ್ನೂ ಅಗೀರಿ."

"ಇವಳ ಗಂಡ ಬಂದು ಕರೆದ್ರೂ ಅಗೀತಾನೇ ಇರ್ಬೇಕಾ ಟೀಚರ್?" ಎಂದಳು ಪೆತ್ರೋನಿಲಾ.

"ಈಗ ಹೇಳಿ, ರುಚಿ ಹೇಗಿದೆ?"

"ಸಿಹಿ," ಎಂದಳು ಬಾಸಿಲಿಸಾ, ತನಗೇ ಆಶ್ಚರ್ಯವಾಗಿ. "ಉಪ್ಪೂ ಹಾಕದ ರೊಟ್ಟಿ, ಸಿಹಿ ಎಲ್ಲಿಂದ ಬಂತು?"

ಎಲೋದಿಯಾ ತನ್ನ ಕೊರಳಿನ ಮಣಿಸರ ತೆಗೆದು ಎತ್ತಿ ಹಿಡಿದಳು. ಜೋಳದ ಹಿಟ್ಟು ಅಂದರೆ ಸಕ್ಕರೆಯ ಮಣಿ ಪೋಣಿಸಿದ ಉದ್ದನೆಯ ಸರ, ಅದಕ್ಕೆ ಪಿಷ್ಟ ಅಂತಾರೆ. ಪೋಣಿಸಿದಾಗ ನಾಲಿಗೆಗೆ ಸಿಹಿ ತಿಳಿಯೋದಿಲ್ಲ. ಎಂಜಲಲ್ಲಿ ಒಂದು ಸಣ್ಣ ಕತ್ತರಿ ಇದೆ, ಅದು ದಾರ ಕತ್ತರಿಸುತ್ತೆ, ಮಣಿ ಬಿಡಿಬಿಡಿ ಉದುರುತ್ತೆ, ಆಗ ಸಿಹಿ. ಆ ಕತ್ತರಿಗೆ ಕಿಣ್ವ ಅಂತ ಹೆಸರು. ಗಿಡವಾಗಲಿ, ಟರ್ಕಿ ಕೋಳಿಯಾಗಲಿ, ನಾವಾಗಲಿ, ಜೀವ ಇರೋದೆಲ್ಲ ಮುಖ್ಯವಾಗಿ ನಾಲ್ಕು ಬಗೆಯ ಸಾಮಾನಿಂದ ಕಟ್ಟಿದ್ದು: ಸಕ್ಕರೆ ಮತ್ತು ಅದರ ಸರಗಳು ಒಂದು, ಕೊಬ್ಬು, ಎಣ್ಣೆ ಇನ್ನೊಂದು, ಪ್ರೋಟೀನು ಮತ್ತೊಂದು, ನಾಲ್ಕನೆಯದು ಕಸೂತಿಯ ಮಾದರಿ ಇದ್ದ ಹಾಗೆ, ತಾಯಿಯಿಂದ ಮಗಳಿಗೆ ನಕಲು ಆಗುತ್ತ ಬರುವಂಥದ್ದು, ಏನು ಎಲ್ಲಿ ಹೇಗೆ ಹೆಣೀಬೇಕು ಅಂತ ಅದರಲ್ಲಿ ಇರುತ್ತೆ.

"ಕತ್ತರಿ ಯಾವುದರಿಂದ ಮಾಡಿದ್ದು ಹಾಗಾದ್ರೆ?" ಎಂದು ಕೇಳಿದ್ದು ಹೆಂಗಸರಲ್ಲ, ಅತ್ತ ಮುಖ ಮಾಡಿ ಪೆಟ್ಟಿಗೆಗೆ ಕಂಬಳಿ ಹೊದಿಸುತ್ತಿದ್ದ ಹೆರ್ಮಿಲೊ.

"ಪ್ರೋಟೀನಿಂದ, ದೋನ್ ಹೆರ್ಮಿಲೊ. ಅದೂ ಒಂದು ಮಣಿಸರಾನೇ, ಬೇರೆ ಥರದ ಮಣಿ. ಆದ್ರೆ ಅದು ಸುಮ್ನೆ ಜೋತುಬಿದ್ದಿರಲ್ಲ, ತನ್ನಷ್ಟಕ್ಕೆ ತಾನೇ ಮಡಚಿಕೊಂಡು ಒಂದು ಬೀಗದ ಕೈ ಥರ ಆಕಾರಕ್ಕೆ ಬರುತ್ತೆ. ಒಂದೊಂದು ಕೈ ಒಂದೊಂದು ಬೀಗಕ್ಕೆ ಮಾತ್ರ. ನಿಮ್ಮ ಕೋಡೊಳಗೂ ಇದೆ. ಪರಿಮಳಕ್ಕೆ ಸಕ್ಕರೆ ಅಂಟಿಸಿ ಬೀಗ ಹಾಕಿಟ್ಟಿರುತ್ತೆ ಬಳ್ಳಿ. ಅದಕ್ಕೇ ಹಸಿರು ಕೋಡಿಗೆ ವಾಸನೆ ಇಲ್ಲ. ಕೈಯನ್ನ ಬೇರೆ ಕೋಣೇಲಿ ಇಟ್ಟಿರುತ್ತೆ. ನೀವು ಬಿಸಿ ತೋರಿಸಿ ಕೊಂದಾಗ ಗೋಡೆ ಬೀಳುತ್ತೆ, ಕೈ ಬಂದು ಬೀಗಕ್ಕೆ ಸಿಗುತ್ತೆ. ಆಮೇಲೆ ಬೆವರೋ ಹೊತ್ತಲ್ಲಿ ಒಂದೊಂದೇ ಬಾಗಿಲು ತೆಗೀತಾ ಹೋಗುತ್ತೆ. ಎಷ್ಟು ತೆಗೆದ್ರೂ ಕೈ ಸವೆಯಲ್ಲ."

ಹೆರ್ಮಿಲೊ ಕಂಬಳಿಯ ಅಂಚನ್ನು ಪೆಟ್ಟಿಗೆಯೊಳಗೆ ಸಿಕ್ಕಿಸಿದ. "ನನ್ನಪ್ಪ ಎಬ್ಬಿಸೋದು ಅಂತಿದ್ದ. ನೀನು ಬೀಗ ತೆಗೆಯೋದು ಅಂತೀಯ. ಆಗಲಿ ಮಗಳೇ, ಎರಡೂ ಒಂದೇ ಮನೆ ಬಾಗಿಲು."

ಆ ಮಾತು ಅಲ್ಲಿಗೆ ಮುಗಿಯಿತು. ಅದು ಮತ್ತೆ ಎದ್ದು ಬಂದದ್ದು ಮರುವರ್ಷದ ಸುಗ್ಗಿಯಲ್ಲಿ.

ಆ ಡಿಸೆಂಬರಿನಲ್ಲಿ ಉತ್ತರದ ಗಾಳಿ ಬೀಸಲು ಹಿಡಿದದ್ದು ನಿಲ್ಲಲೇ ಇಲ್ಲ. ಸಮುದ್ರದ ಕಡೆಯಿಂದ ಬೂದು ಬಣ್ಣದ ಸೋನೆ, ಹಗಲೂ ಸಂಜೆಯಂತೆ. ಉಪ್ಪು ಕರಗಿ ನೀರಾಯಿತು, ಹಾಸಿಗೆ ಬಟ್ಟೆ ಮುಟ್ಟಿದರೆ ತಣ್ಣಗೆ. ಉಳಿದವರ ಕೋಡುಗಳನ್ನು ಗಾಳಿ ಹಿಡಿಯುವ ಮೊದಲೇ ಕೊಂದಾಗಿತ್ತು. ಗೌದೆನ್ಸಿಯೊನದು ಕೊನೆಗೆ ಬಂತು, ಸೋನೆಯಲ್ಲೇ, ಕತ್ತೆಯ ಮೇಲೆ ಗೋಣಿ ಹೊದಿಸಿಕೊಂಡು. ಬೇರೆಯವರದಾದರೆ ಹೆರ್ಮಿಲೊ ಒಂದೊಂದು ಹಿಡಿ ತೆಗೆದು ತುದಿ ಹಳದಿಗೆ ತಿರುಗಿದೆಯೇ ಎಂದು ನೋಡುತ್ತಿದ್ದ. ಕೊಂಪಾದ್ರೆಯ ಗೋಣಿಯನ್ನು ನೋಡಲಿಲ್ಲ. ನೋಡಿದರೆ ನಂಬಿಕೆಯಿಲ್ಲ ಎಂದಾಗುತ್ತದಲ್ಲ.

ಒಲೆಗೂಡು ಕಾಯಿಸಿದ. ಸೂರಿನಿಂದ ಮುಸುಕು ಎಳೆದು, ನೀರಿಗದ್ದಿ, ಒಳಗಿಟ್ಟು ಪ್ರಾರ್ಥನೆ ಹೇಳಿದ. ಮುಸುಕು ಮಿಸುಕಲಿಲ್ಲ. ಇನ್ನಷ್ಟು ಸೌದೆ ಹಾಕಿಸಿದ. ಮತ್ತೊಂದು ಮುಸುಕು, ಇನ್ನೂ ಸುತ್ತಲಿಲ್ಲ. "ಹಾಳು ಗಾಳಿ, ಗೂಡಿನ ಇಟ್ಟಿಗೆ ಒಳಗೂ ನುಗ್ಗಿದೆ," ಎಂದು ಗೊಣಗಿ ಮತ್ತೆ ಸೌದೆ ಹಾಕಿದ. ಕೊನೆಗೆ 'ಆಮೆನ್' ಹೇಳುವಾಗ ಅಂಚು ಮಡಚಿತು. ಬಾಸಿಲಿಸಾ ಕಂಬಳಿ ಗಂಟುಗಳನ್ನು ಎತ್ತಿಕೊಟ್ಟಳು. ಗೂಡಿನ ಬಾಯಿಯ ಹತ್ತಿರ ಅವಳ ಮುಖ ಬೇರೆ ದಿನಕ್ಕಿಂತ ಜೋರಾಗಿ ಉರಿಯಿತು. ಚಳಿಯಿಂದ ಬಂದವಳಿಗೆ ಹಾಗನ್ನಿಸುತ್ತದೆ ಎಂದುಕೊಂಡಳು.

ಕೋಡುಗಳು ಬಹಳ ಚೆನ್ನಾಗಿ ಹೊರಬಂದವು. ಆಮೇಲೆ ಬಿಸಿಲೂ ಬಂತು. ಒಣಗಿದಂತೆ ಎಣ್ಣೆ ಸವರಿದ ಹಾಗೆ ಕಪ್ಪಗೆ ಹೊಳೆದವು. ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮಾತ್ರ ಬೇಯಿಸಿದ ಹುಲ್ಲಿನ ವಾಸನೆ. ಒಂದು ವಾರ ಕಳೆಯಿತು, ಇನ್ನೊಂದು ಕಳೆಯಿತು. ಅಷ್ಟರಲ್ಲಿ ಉಳಿದ ಪೆಟ್ಟಿಗೆಗಳು ದಾರಿಯಲ್ಲಿ ಹೋಗುವವರನ್ನು ನಿಲ್ಲಿಸುತ್ತಿದ್ದವು. ಗೌದೆನ್ಸಿಯೊನದು ಬೇಯಿಸಿದ ಹುಲ್ಲು, ಅಷ್ಟೇ.

ಅಂಗಳದಲ್ಲಿ ಮೊದಲು ಬಾಯಿ ಬಿಟ್ಟವಳು ಪೆತ್ರೋನಿಲಾ. "ಬಲಿತಿರಲಿಲ್ಲ ಬಿಡಿ. ಹಸಿ ಕಿತ್ತಿದಾನೆ. ಇಲ್ಲಾಂದ್ರೆ ಅಷ್ಟು ತಡವಾಗಿ, ಸೋನೇಲಿ ಕದ್ದುಮುಚ್ಚಿ ಯಾಕೆ ತರ್ತಿದ್ದ?"

"ಎಲ್ಲರಿಗಿಂತ ಮೊದಲು ಕಿತ್ತು ಎಲ್ಲರಿಗಿಂತ ಕೊನೆಗೆ ತಂದಿದಾನೆ," ಎಂದಳು ಇನ್ನೊಬ್ಬಳು.

ಹೆರ್ಮಿಲೊ ಕೇಳಿಸಿಕೊಂಡ. ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಸೂರಿನ ಕೆಳಗೆ ಹೋಗಿ ಗೊಂಚಲಿನಿಂದ ಒಂದು ಮುಸುಕು ಕಿತ್ತು ಬೆರಳಲ್ಲಿ ಬಾಗಿಸಿದ. ಒಣ ಮುಸುಕು ಕರಕರ ಎಂದು ಮುರಿಯಬೇಕು. ಗೊಂಚಲಿನ ಒಳಭಾಗ ಬಿಸಿಲು ಬಂದ ಮೇಲೂ ಆರಿರಲಿಲ್ಲ; ಮುಸುಕು ಕಿವಿಯ ಹಾಲೆಯಂತೆ ಬಾಗಿತು. ಆತ ಅದನ್ನೇ ಬಾಗಿಸುತ್ತ, ಬಿಡುತ್ತ, ಬಹಳ ಹೊತ್ತು ನಿಂತಿದ್ದ. ಬಾಸಿಲಿಸಾ ನೋಡಿದಳು, ಆದರೆ ಅದರ ಅರ್ಥ ಆಗ ಅವಳಿಗೆ ಹೊಳೆಯಲಿಲ್ಲ.

ಅದೇ ಸಂಜೆ ಆತ ಎಲೋದಿಯಾಳನ್ನು ಕೇಳಿದ, ಜೋಳದ ಗಂಜಿಯ ಲೋಟ ಕೈಯಲ್ಲಿಟ್ಟುಕೊಂಡು, ಏನೋ ಹಾಳು ಹರಟೆ ಎನ್ನುವಂತೆ: "ಮಗಳೇ, ಆ ಬೀಗದ ಕೈ ಅಂದ್ಯಲ್ಲ. ಬಿಸಿ ಜಾಸ್ತಿ ಆದ್ರೆ ಅದಕ್ಕೇನಾಗುತ್ತೆ?"

"ಮೊಟ್ಟೆ ಬೇಯಿಸಿದ್ರೆ ಏನಾಗುತ್ತೆ? ಬಿಳಿ ಗಟ್ಟಿಯಾಗುತ್ತೆ. ಅದೂ ಪ್ರೋಟೀನೇ. ಮಡಚಿದ್ದೆಲ್ಲ ಬಿಚ್ಚಿ ಸಿಕ್ಕಾಗಿಬಿಡುತ್ತೆ. ತಣ್ಣಗೆ ಮಾಡಿದ್ರೆ ಬೆಂದ ಮೊಟ್ಟೆ ಮತ್ತೆ ನೀರಾಗುತ್ತಾ? ಕೈಯೂ ಹಾಗೇ. ಒಮ್ಮೆ ಕೆಟ್ಟರೆ ಕೆಟ್ಟ ಹಾಗೇ."

"ಬೀಗದೊಳಗಿನ ಪರಿಮಳ?"

"ಅದಕ್ಕೇನಾಗಲ್ಲ. ಹಾಗೇ ಒಳಗೆ ಕೂತಿರುತ್ತೆ."

"ಅಂದ್ರೆ ಬೇರೆ ಕೋಡಿನ ಕೈ ತಂದು ಕೊಟ್ರೆ..."

"ತೆಗೀಬಹುದು! ಒಂದು ಹಸಿರು ಕೋಡು ಅರೆದು ಅದರ ರಸ ಕೊಡಿ, ಹದವಾದ ಬಿಸೀಲಿ ಇಡಿ. ಒಳಗೆ ಇದ್ರೆ ಹೊರಗೆ ಬರುತ್ತೆ. ಬಲಿಯದ ಕೋಡಾದ್ರೆ ಒಳಗೇ ಹೆಚ್ಚೇನೂ ಇರಲ್ಲ, ಯಾವ ಕೈ ತಂದ್ರೂ ಅಷ್ಟೇ." ಅವಳು ನಕ್ಕಳು. "ಯಾಕೆ ದೋನ್ ಹೆರ್ಮಿಲೊ, ಶಾಲೆಗೆ ಸೇರ್ತೀರಾ?"

"ವಯಸ್ಸಾಯ್ತು," ಎಂದ ಆತ, ಲೋಟ ಕೆಳಗಿಟ್ಟು.

ಅಲ್ಲಿಗೆ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆತ ಬಿಟ್ಟೂ ಇದ್ದ. ಗೌದೆನ್ಸಿಯೊ ಒಂದು ಮಧ್ಯಾಹ್ನ ಬಂದು ಪೆಟ್ಟಿಗೆಗೆ ಮೂಗಿಟ್ಟು, ಬೆಳ್ಳಗಾಗಿ, "ಕೊಂಪಾದ್ರೆ, ಆ ತಾಯಿಯಾಣೆಗೂ ಬಲಿತಿತ್ತು ಕಣೋ. ತುದಿ ಹಳದಿಯಾಗಿತ್ತು. ನೀನೇ ನೋಡಿದೀಯಲ್ಲ, ಹೇಳೋ ಇವರಿಗೆ," ಎಂದಾಗಲೂ, "ಆ ದಿನ ಬೆಳಕಿರಲಿಲ್ಲ" ಎಂದಷ್ಟೇ ಹೇಳಿದ. ಅದು ಸುಳ್ಳೇನೂ ಅಲ್ಲ. ಆದರೆ ಕೇಳಿದವರು ತಮಗೆ ಬೇಕಾದ್ದನ್ನು ಅದರಲ್ಲಿ ತುಂಬಿಕೊಂಡರು. ದಿನಗಳು ಹಾಗೇ ಹೋದವು. ಹೆರ್ಮಿಲೊನ ಊಟ ಕಡಿಮೆಯಾಯಿತು. ಹೆಂಗಸರ ಜೊತೆ ಮಾತೂ.

ಆಮೇಲೆ ಬೆಳೆಗಾರರು ಒಂದು ಕೆಲಸ ಮಾಡಿದರು. ಬಳ್ಳಿಯಲ್ಲಿ ತಡವಾಗಿ ಬಲಿಯುವ ಕೋಡುಗಳು ಇನ್ನೂ ಉಳಿದಿದ್ದವು, ಕಾವಲು ನಡೆಯುತ್ತಿತ್ತು. ಗೌದೆನ್ಸಿಯೊ ತನ್ನ ಸರದಿಗೆ ಮಚ್ಚು ಹಿಡಿದು ಹೋದಾಗ ಅವನನ್ನು ತಡೆದು, "ನೀನು ಬರೋದು ಬೇಡಪ್ಪ. ತನ್ನದನ್ನೇ ಹಸಿ ಕೀಳೋನು ನಮ್ಮದನ್ನ ಕಾಯ್ತಾನಾ?" ಎಂದರಂತೆ. ಅವನು ಮನೆಗೆ ಬಂದು ಮಚ್ಚನ್ನು ಗೋಡೆಗೆ ಸಿಕ್ಕಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದನಂತೆ. ಬಾಸಿಲಿಸಾಳ ಗಂಡ ಆ ಕಾವಲಿನಲ್ಲಿದ್ದವನು. ಬೆಳಿಗ್ಗೆ ಅವನೇ ಹೇಳಿದ. ಅವಳು ಅದನ್ನು ಅಂಗಳದಲ್ಲಿ ಹೇಳಿದಳು, ಯಾರ ಕಡೆಗೂ ನೋಡದೆ.

ಹೆರ್ಮಿಲೊ ಮಣೆಯಿಂದ ಎದ್ದ. "ಬಾಸಿಲಿಸಾ, ಔಷಧದ ಖಾಲಿ ಬಾಟಲಿ ಮೂರು ತಗೊಂಡು ಬಾ. ಚೆನ್ನಾಗಿ ತೊಳಿ. ಟೀಚರನ್ನೂ ಕರಿ."

ಗೌದೆನ್ಸಿಯೊನ ಕಪ್ಪು ಕೋಡುಗಳನ್ನು ಸಣ್ಣಗೆ ಕೊಚ್ಚಿ, ಎರಡು ಬಾಟಲಿಗೆ ಸಮ ಹಂಚಿ, ಕಾಯಿಸಿ ಆರಿಸಿದ ನೀರು ಹೊಯ್ದರು. ಬೇರೊಬ್ಬರ ಬಳ್ಳಿಯಿಂದ ತಂದ ಒಂದು ಚಿಕ್ಕ ಹಸಿರು ಕೋಡನ್ನು ಕಲ್ಲಿನ ಮೇಲೆ ಅರೆದರು. ಅರ್ಧ ಒಂದು ಬಾಟಲಿಗೆ. ಇನ್ನರ್ಧವನ್ನು ಎಲೋದಿಯಾ ಬರೀ ನೀರಿದ್ದ ಮೂರನೆಯದಕ್ಕೆ ಹಾಕಿಸಿದಳು. "ಹಸಿರು ಕೋಡೊಳಗೂ ಅದರದ್ದೇ ಪರಿಮಳ ಸ್ವಲ್ಪ ಅಡಗಿರುತ್ತಲ್ಲ. ಅದೆಷ್ಟು ಅಂತ ಗೊತ್ತಿರಬೇಕು, ಇಲ್ಲಾಂದ್ರೆ ಯಾರದ್ದು ಯಾರದ್ದೋ ಅಂತ ಜಗಳ." ಬಾಟಲಿಗಳಿಗೆ ಕೆಂಪು, ಬಿಳಿ, ಕಪ್ಪು ದಾರ ಕಟ್ಟಿದರು. ಕೆಂಪು ದಾರದ್ದರಲ್ಲಿ ಕಪ್ಪು ಕೋಡು ಮತ್ತು ಹಸಿರು ರಸ ಎರಡೂ ಇದ್ದವು.

"ಇನ್ನು ಬಿಸಿ," ಎಂದಳು ಎಲೋದಿಯಾ. "ಜ್ವರ ಬಂದ ಮೈಯಷ್ಟು. ಅದಕ್ಕಿಂತ ತುಂಬಾ ಜಾಸ್ತಿ ಬೇಡ, ಹಗಲೂ ರಾತ್ರಿ ಒಂದೇ ಸಮ."

ಹೆರ್ಮಿಲೊ ಒಲೆಗೂಡಿನ ಕಡೆ ನೋಡಿದ. ಆಮೇಲೆ ತನ್ನ ಅಂಗೈ ನೋಡಿಕೊಂಡ. "ನನ್ನ ಬೆಂಕಿ ಬೇಡ," ಎಂದ.

ಬಾಸಿಲಿಸಾಳಿಗೆ ಥಟ್ಟನೆ ಹೊಳೆಯಿತು. "ನಮ್ಮತ್ತೆಯ ಟರ್ಕಿ ಕೋಳಿ ಕಾವಿಗೆ ಕೂತಿದೆ."

ಪೆತ್ರೋನಿಲಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನನ್ನ ಕೋಳಿ ಬಾಟಲಿಗೆ ಕಾವು ಕೊಡಬೇಕಾ? ಮರಿ ಬದಲು ವೆನಿಲಾ ಬಳ್ಳಿ ಹುಟ್ಟಿದ್ರೆ ಯಾರು ಮೇಯಿಸ್ತಾರೆ?" ಎಂದು ಬೈಯುತ್ತಲೇ ಕೋಳಿಯ ಹೊಟ್ಟೆಯನ್ನು ಮೆಲ್ಲಗೆ ಎತ್ತಿ, ಮೊಟ್ಟೆಗಳ ನಡುವೆ ಬಾಟಲಿಗಳನ್ನು ಮಲಗಿಸಿದಳು. ಕೋಳಿ ಒಮ್ಮೆ ಕುಟುಕಿತು, ಮತ್ತೆ ರೆಕ್ಕೆ ಹರವಿ ಎಲ್ಲವನ್ನೂ ಅಡಿಗೆ ಎಳೆದುಕೊಂಡಿತು. ಊರಲ್ಲಿ ಸುದ್ದಿ ಹಬ್ಬಿತು. ದಾರಿಯಲ್ಲಿ ಹೋಗುವವರು ಬೇಲಿಯಾಚೆಯಿಂದ, "ಪೆತ್ರೋನಿಲಮ್ಮ, ಹೆರಿಗೆ ಯಾವಾಗ?" ಎಂದು ಕೂಗಿ ಹೋಗುತ್ತಿದ್ದರು.

ಹೆರ್ಮಿಲೊ ಬಾಟಲಿ ತೆಗೆಸಿದ್ದು ಒಂದು ಭಾನುವಾರ, ಚರ್ಚಿನ ಪೂಜೆ ಮುಗಿದು ಜನ ಹೊರಬರುವ ಹೊತ್ತಿಗೆ. ಬೆಳೆಗಾರರೆಲ್ಲ ಬರಲಿ ಎಂದು ಅವನೇ ಹೇಳಿ ಕಳಿಸಿದ್ದ. ಗೌದೆನ್ಸಿಯೊ ಬಂದು ಬೇಲಿಯ ಹತ್ತಿರ, ಹ್ಯಾಟು ಕೈಯಲ್ಲಿ ಹಿಡಿದು, ಎಲ್ಲರಿಂದ ದೂರ ನಿಂತ.

ಕಪ್ಪು ದಾರದ್ದು, ಬರೀ ಕಪ್ಪು ಕೋಡು: ಬೇಯಿಸಿದ ಹುಲ್ಲು. ಬಿಳಿ ದಾರದ್ದು, ಬರೀ ಹಸಿರು ರಸ: ಇದೆಯೋ ಇಲ್ಲವೋ ಎನ್ನುವಷ್ಟು ಒಂದು ಎಳೆ. ಕೆಂಪು ದಾರದ ಬಾಟಲಿಯ ಬಿರಟೆ ತೆಗೆದಾಗ ಯಾರೂ ಮೂಗು ಹತ್ತಿರ ತರಬೇಕಾಗಲಿಲ್ಲ. ಮುಂದೆ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು. ಬಾಸಿಲಿಸಾಳಿಗೆ ಹೊಳೆಯ ಕಲ್ಲುಗಳ ಮೇಲಿನ ಆ ಬೆಳಿಗ್ಗೆ ನೆನಪಾಯಿತು.

ಹೆರ್ಮಿಲೊ ಬಾಟಲಿಯನ್ನು ಎತ್ತಿ ಹಿಡಿದ. ಅವನ ದನಿ ಸಣ್ಣದಿತ್ತು, ಆದರೂ ಕೇಳಿಸಿತು.

"ಕೋಡು ಬಲಿತಿತ್ತು. ಪರಿಮಳ ಒಳಗೇ ಇತ್ತು, ಈಗಲೂ ಇದೆ. ಅದನ್ನ ತೆಗೆಯೋ ಬೀಗದ ಕೈಯನ್ನ ಸುಟ್ಟಿದ್ದು ನಾನು. ಸೋನೆಗೆ ಮುಸುಕು ಒಳಗೊಳಗೇ ನೆನೆದಿತ್ತು, ಸುತ್ತೋಕೆ ತಡ ಮಾಡ್ತು, ನಾನು ಬೆಂಕಿ ಹಾಕ್ತಾ ಹೋದೆ. ಗೌದೆನ್ಸಿಯೊ ಹಸಿ ಕಿತ್ತಿಲ್ಲ."

ಕಾವಲಿನಿಂದ ಅವನನ್ನು ಹಿಂದಕ್ಕೆ ಕಳಿಸಿದವರು ನೆಲ ನೋಡಿದರು. ಗೌದೆನ್ಸಿಯೊ ಮುಂದೆ ಬಂದು ಬಾಟಲಿ ತೆಗೆದುಕೊಂಡು ಕಣ್ಣು ಮುಚ್ಚಿ ಮೂಸಿದ. ಬಹಳ ಹೊತ್ತು ಮೂಸಿದ. ಆಮೇಲೆ ಕೇಳಿದ:

"ಯಾವಾಗ ಗೊತ್ತಾಯ್ತು ನಿನಗೆ?"

"ಈಗಲೇ. ಎಲ್ಲರ ಎದುರಿಗೆ."

"ಈಗ ಖಾತ್ರಿಯಾಯ್ತು. ಗೊತ್ತಾಗಿದ್ದು ಯಾವಾಗ?"

ಹೆರ್ಮಿಲೊ ಸೂರಿನ ಕಡೆ ನೋಡಿದ. "ಮುಸುಕು ಬಾಗಿಸಿ ನೋಡಿದ ದಿನ. ಅನುಮಾನ ಬಂತು."

"ಅಂದ್ರೆ ನಾನು ಬಂದು, ನೀನೇ ಹೇಳೋ ಇವರಿಗೆ ಅಂತ ಅಂಗಲಾಚಿದಾಗ ನಿನಗೆ ಅನುಮಾನ ಇತ್ತು. ನನ್ನನ್ನ ಕಾವಲಿಂದ ಅಟ್ಟಿದಾಗಲೂ ಇತ್ತು."

"ಇತ್ತು."

ಗೌದೆನ್ಸಿಯೊ ಬಿರಟೆಯನ್ನು ಬಾಟಲಿಗೆ ಜೋಪಾನವಾಗಿ ಒತ್ತಿ, ಮಣೆಯ ಮೇಲಿಟ್ಟ. "ಸುಟ್ಟಿದ್ದಕ್ಕೆ ಏನೂ ಇಲ್ಲ. ಬೆಂಕಿ ಹತ್ರ ಇರೋರು ಒಂದಿನ ಸುಡ್ತಾರೆ." ಹ್ಯಾಟು ತಲೆಗೇರಿಸಿದ. "ಬರ್ತೀನಿ ದೋನ್ ಹೆರ್ಮಿಲೊ. ನಿಮಗೆ ತುಂಬಾ ತೊಂದ್ರೆ ಆಯ್ತು."

ಅವನ ಬಾಯಲ್ಲಿ 'ಕೊಂಪಾದ್ರೆ' ಹೋಗಿ 'ನೀವು' ಬಂದದ್ದನ್ನು ಬಾಸಿಲಿಸಾ ಕೇಳಿದಳು. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಜನ ಹೆರ್ಮಿಲೊನನ್ನು ಬಿಡಲಿಲ್ಲ. ತಪ್ಪು ಒಪ್ಪಿಕೊಂಡವನ ಅಂಗಳ ಎಂದು ಮುಂದಿನ ಸುಗ್ಗಿಗೂ ಕೋಡು ತಂದರು. ಗೌದೆನ್ಸಿಯೊನನ್ನು ಕಾವಲಿಗೆ ಮನೆಗೇ ಬಂದು ಕರೆದುಕೊಂಡು ಹೋದರು. ಅವನು ಮಾತ್ರ ತನ್ನ ಗೋಣಿಗಳನ್ನು ಈ ಅಂಗಳ ದಾಟಿಸಿ ಪಪಾಂತ್ಲಾಕ್ಕೆ ಒಯ್ಯುತ್ತಿದ್ದ. ದಾರಿಯಲ್ಲಿ ಎದುರಾದರೆ ಹ್ಯಾಟು ಎತ್ತಿ, "ಆರೋಗ್ಯವೇ ದೋನ್ ಹೆರ್ಮಿಲೊ? ಮಳೆ ಹೇಗಿದೆ ನಿಮ್ಮ ಕಡೆ?" ಎನ್ನುತ್ತಿದ್ದ. ಇಬ್ಬರ ಮನೆಗೂ ಒಂದೇ ಮೋಡ. ಹೆರ್ಮಿಲೊ ಒಂದೆರಡು ಸಲ ಅವನ ಬಾಗಿಲಿಗೆ ಹೋದ. ಕುರ್ಚಿ ಹಾಕಿ ಕೂರಿಸಿ, ಕಾಫಿ ಕೊಟ್ಟು, ಮರ್ಯಾದೆ ಮಾಡಿ ಕಳಿಸಿದರು. ಆಮೇಲೆ ಹೋಗಲಿಲ್ಲ.

ಒಲೆಗೂಡನ್ನು ಆತ ಮತ್ತೆ ತಾನು ನೋಡಿಕೊಳ್ಳಲಿಲ್ಲ. ಮುಸುಕುಗಳನ್ನು ಅಟ್ಟದ ಮೇಲೆ, ಹೊಗೆ ತಾಗುವ ಕಡೆ ತಗಡಿನ ಡಬ್ಬಿಯಲ್ಲಿ ಇಡಿಸಿ, ಪ್ರಾರ್ಥನೆಯನ್ನು ಬಾಸಿಲಿಸಾಳಿಂದ ಹೇಳಿಸಿದ. "ನೀನು ಬೇಗ ಹೇಳ್ತೀಯ, ನಿಧಾನ," ಎಂದು ಹಿಂದಿನಿಂದ ತಿದ್ದುತ್ತಿದ್ದ. ಎಲೋದಿಯಾ ಬೇರೆ ಊರಿಗೆ ವರ್ಗವಾಗಿ ಹೋದಳು. ಪೆತ್ರೋನಿಲಾ ತೀರಿಕೊಂಡಳು. ಬಾಸಿಲಿಸಾಳ ಗಂಡನೂ ಹೊಳೆಯ ನೆರೆಯೊಂದರಲ್ಲಿ ಹೋದ. ಆ ವರ್ಷ ಅವಳು ಅಂಗಳಕ್ಕೆ ಕಪ್ಪು ಶಾಲು ಹೊದ್ದು ಬಂದಾಗ ಹೆರ್ಮಿಲೊ ಬೆವರಿಸುವ ಪೆಟ್ಟಿಗೆಯೊಂದರ ಮುಚ್ಚಳ ತೆಗೆದು, ಅವಳು ಅಳುವಷ್ಟು ಹೊತ್ತೂ ಅದರ ಮೇಲೆ ಬಾಗಿ ನಿಲ್ಲಲು ಬಿಟ್ಟ.

ಗೌದೆನ್ಸಿಯೊನ ಸುಟ್ಟ ಕೋಡುಗಳ ಒಂದು ಕಟ್ಟು ಅಡುಗೆಮನೆಯ ತೊಲೆಯಲ್ಲಿ ತೂಗುತ್ತಲೇ ಇತ್ತು. ಬಿಸಾಡಲು ಆತ ಬಿಡಲಿಲ್ಲ. ಒಣಗಿ ಕಡ್ಡಿಯಾಗಿದ್ದವು, ಆದರೂ ಮೂರು ಚುಕ್ಕಿ ಒಂದು ಗೀಟು ಬೆರಳಿಗೆ ತಿಳಿಯುತ್ತಿತ್ತು.

ಎದೆಗೆ ಕಫ ಕಟ್ಟಿ ಹೆರ್ಮಿಲೊ ಹಾಸಿಗೆ ಹಿಡಿದದ್ದು ಇನ್ನೊಂದು ಉತ್ತರದ ಗಾಳಿಯ ಕಾಲದಲ್ಲಿ. ಡಾಕ್ಟರು ಬಂದು ನೋಡಿ, ಹೊರಗೆ ಬಂದು ತಲೆ ಆಡಿಸಿದರು. ಬಾಸಿಲಿಸಾ ಬೆಳಿಗ್ಗೆ ಗಂಜಿ ತಂದಾಗ ಆತ ಕಣ್ಣು ಬಿಟ್ಟು ತೊಲೆಯ ಕಡೆ ನೋಡುತ್ತಿದ್ದ.

"ಅದರಲ್ಲೊಂದು ತೆಗಿ. ಕೊಚ್ಚು. ಹಿತ್ತಿಲ ಬಳ್ಳೀಲಿ ಹಸಿರಿದ್ರೆ ಒಂದು ಅರಿ. ಸಣ್ಣ ಬಾಟಲಿ ಸಾಕು."

"ಯಾಕೀಗ ಇದೆಲ್ಲ? ಗಂಜಿ ಕುಡೀರಿ."

"ಇಷ್ಟು ವರ್ಷ ಆದ್ಮೇಲೂ ಒಳಗೆ ಹಾಗೇ ಕೂತಿದೆಯಾ ಅಂತ. ಕಾಯ್ತಾ ಇದೆಯಾ ಅಂತ."

ಅವಳು ಮಾಡಿದಳು. ಬಾಟಲಿಗೆ ಬಿರಟೆ ಒತ್ತಿ, ಕೆಂಪು ದಾರ ಸಿಗದೆ ತನ್ನ ರವಿಕೆಯ ಅಂಚಿನ ನೂಲೊಂದನ್ನು ಎಳೆದು ಕಟ್ಟಿ ತಂದಳು. "ಆದ್ರೆ ಈಗ ಯಾವ ಕೋಳಿಯೂ ಕಾವಿಗೆ ಕೂತಿಲ್ಲ, ದೋನ್ ಹೆರ್ಮಿಲೊ."

"ಕೋಳಿ ಯಾಕೆ? ನನ್ನ ಮೈ ಮುಟ್ಟಿ ನೋಡು. ಟೀಚರ್ ಹೇಳಿದ್ದು ಇಷ್ಟೇ ಬಿಸಿ." ಆತ ಕಷ್ಟಪಟ್ಟು ತೋಳು ಎತ್ತಿದ. ಅವಳು ಬಾಟಲಿಯನ್ನು ಅವನ ಕಂಕುಳಲ್ಲಿ ಇಟ್ಟು, ಜಾರದ ಹಾಗೆ ಶಾಲಿನಿಂದ ಸುತ್ತಿ ಕಟ್ಟಿದಳು. ಸುಟ್ಟ ಅಂಗೈ ಅದರ ಮೇಲೆ ಬಂದು ಕೂತಿತು.

"ಕುಟುಕಬೇಡಿ ಮತ್ತೆ, ತೆಗೆಯೋಕೆ ಬಂದಾಗ," ಎಂದಳು ಬಾಸಿಲಿಸಾ. ಹೇಳುತ್ತಲೇ ಶಾಲಿನ ಗಂಟನ್ನು ಇನ್ನೊಮ್ಮೆ ಬಿಗಿದಳು.

ಆತ ನಕ್ಕ, ಕೆಮ್ಮಿದ, ಮತ್ತೆ ಉಸಿರು ಸೇರಿಸಿಕೊಂಡ.

"ನಾನು ಇದ್ರೂ ಸರಿ, ಹೋದ್ರೂ ಸರಿ, ಬಿರಟೆ ನೀನು ತೆಗೀಬೇಡ. ನನ್ನ ಮೂಗಿಗೂ ಹಿಡೀಬೇಡ. ಹಾಗೇ ಕೊಂಪಾದ್ರೆ ಮನೆಗೆ ತಗೊಂಡು ಹೋಗು. ಅವನೇ ತೆಗೀಲಿ. ಪರಿಮಳ ಬಂದಿದೆಯೋ ಇಲ್ಲವೋ, ಅವನೇ ಹೇಳಲಿ."